ಸ್ಕ್ಯಾನರ್ 'ಪಿ0500' ತೋರಿಸಿದರೆ ಸ್ಪೀಡ್ ಸೆನ್ಸರ್ ಹಾಳಾಗಿದೆ ಎಂದೇ ಅರ್ಥವೇ?

ಕಾರು ಓಡುತ್ತಿದೆ, ಸ್ಪೀಡೋಮೀಟರ್ ಮುಳ್ಳು ಮಾತ್ರ ಸೊನ್ನೆ ಬಿಟ್ಟು ಏಳುತ್ತಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಇಂಜಿನ್ ದೀಪ ಹೊತ್ತಿಕೊಂಡಿದೆ. ಗ್ಯಾರೇಜಿನಲ್ಲಿ ಸ್ಕ್ಯಾನರ್ ಜೋಡಿಸಿ, 'ಪಿ0500 ಬಂದಿದೆ, ಸ್ಪೀಡ್ ಸೆನ್ಸರ್ ಹೋಗಿದೆ ಸಾರ್' ಎನ್ನುತ್ತಾರೆ. ದುಡ್ಡು ಕೊಟ್ಟು ಹೊಸ ಸೆನ್ಸರ್ ಹಾಕಿಸಿದ ಮೇಲೂ ಮುಳ್ಳು ಕದಲದಿದ್ದರೆ?

ಆ ಕೋಡ್ ಹೇಳುವುದು ಇಷ್ಟೇ: ವೇಗದ ಸಂಕೇತ ಇಂಜಿನ್ ಕಂಪ್ಯೂಟರಿಗೆ, ಅಂದರೆ ಇಸಿಯುಗೆ, ಸರಿಯಾಗಿ ಬರುತ್ತಿಲ್ಲ. ಅದಕ್ಕೆ ಸೆನ್ಸರ್ ಕಾರಣವಿರಬಹುದು. ವೈರು, ಕನೆಕ್ಟರ್, ಫ್ಯೂಸ್ ಅಥವಾ ಸೆನ್ಸರನ್ನು ತಿರುಗಿಸುವ ಪುಟ್ಟ ಗೇರು ಕೂಡ ಇರಬಹುದು.

ಮೊದಲು ಕಣ್ಣಿನಿಂದ ನೋಡಬೇಕು. ಗೇರ್‌ಬಾಕ್ಸ್ ಮೇಲಿರುವ ಸೆನ್ಸರಿನ ಕನೆಕ್ಟರ್ ಬಿಚ್ಚಿದರೆ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದಿರುವುದುಂಟು, ಅದರಲ್ಲೂ ಮಳೆಗಾಲ ಕಳೆದ ಮೇಲೆ. ಇಲಿ ಕಡಿದ ವೈರು ನಮ್ಮಲ್ಲಿ ಹೊಸದಲ್ಲ.

ಆಮೇಲೆ ಮಲ್ಟಿಮೀಟರ್. ಹಾಲ್ ಮಾದರಿಯ ಸೆನ್ಸರಿಗೆ ಸಾಮಾನ್ಯವಾಗಿ ಮೂರು ವೈರುಗಳಿರುತ್ತವೆ: ವಿದ್ಯುತ್ ಪೂರೈಕೆ, ಗ್ರೌಂಡ್, ಸಂಕೇತ. ಕನೆಕ್ಟರ್ ಬಿಚ್ಚಿ, ಇಗ್ನಿಷನ್ ಆನ್ ಮಾಡಿ ಅಳೆದರೆ ಪೂರೈಕೆಯ ವೈರಿನಲ್ಲಿ ವಾಹನಕ್ಕೆ ತಕ್ಕಂತೆ 5 ಅಥವಾ 12 ವೋಲ್ಟ್ ಸಿಗಬೇಕು. ಸಿಗದಿದ್ದರೆ ಫ್ಯೂಸಿನಿಂದ ಹುಡುಕುತ್ತಾ ಬರಬೇಕು. ಹೊಸ ಸೆನ್ಸರ್ ಹಾಕಿಯೂ ಪ್ರಯೋಜನವಿಲ್ಲ. ಗ್ರೌಂಡ್ ಗಟ್ಟಿಯಾಗಿದೆಯೇ ಎಂದೂ ನೋಡಬೇಕು. ಅನೇಕ ವಾಹನಗಳಲ್ಲಿ ಸಂಕೇತದ ವೈರಿಗೂ ಇಸಿಯು ಕಡೆಯಿಂದ ವೋಲ್ಟೇಜ್ ಬರುತ್ತಿರುತ್ತದೆ. ಅಲ್ಲಿ ಅದು ಸೊನ್ನೆಯಾಗಿದ್ದರೆ ವೈರು ತುಂಡಾಗಿರಬಹುದು, ಇಲ್ಲವೇ ಬಾಡಿಗೆ ತಗುಲಿ ಶಾರ್ಟ್ ಆಗಿರಬಹುದು.

ಮೂರೂ ಸರಿ ಇದ್ದರೆ ಕನೆಕ್ಟರ್ ಮತ್ತೆ ಜೋಡಿಸಿ, ಕಾರನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ (ಬರೀ ಜ್ಯಾಕ್ ನಂಬಬೇಡಿ), ನ್ಯೂಟ್ರಲ್‌ನಲ್ಲಿಟ್ಟು, ಇಂಜಿನ್ ಚಾಲೂ ಮಾಡದೆ ಇಗ್ನಿಷನ್ ಮಾತ್ರ ಆನ್ ಇಟ್ಟು ಚಕ್ರವನ್ನು ಕೈಯಿಂದ ನಿಧಾನವಾಗಿ ತಿರುಗಿಸಬೇಕು. ಸಂಕೇತದ ವೋಲ್ಟೇಜ್ ಏರಿಳಿಯಬೇಕು. ಏರಿಳಿಯದಿದ್ದರೆ ಮಾತ್ರ ಸೆನ್ಸರನ್ನೋ ಅದರ ಗೇರನ್ನೋ ದೂರಬಹುದು. ಏರಿಳಿದರೆ ಸೆನ್ಸರ್ ಕೆಲಸ ಮಾಡುತ್ತಿದೆ. ಇನ್ನು ಇಸಿಯುವರೆಗಿನ ವೈರನ್ನು ಪರೀಕ್ಷಿಸಬೇಕು. ಕೆಲವರು ಹಾಲ್ ಸೆನ್ಸರನ್ನು ಓಮ್ಸ್‌ನಲ್ಲಿ ಅಳೆದು ತೀರ್ಪು ಕೊಡುತ್ತಾರೆ. ಎರಡು ವೈರಿನ, ಸುರುಳಿಯಿರುವ ಸೆನ್ಸರಿಗೆ ಆ ಪರೀಕ್ಷೆ ಸರಿ. ಇದರೊಳಗೆ ಎಲೆಕ್ಟ್ರಾನಿಕ್ ಚಿಪ್ ಇರುವುದರಿಂದ ಆ ಅಂಕಿಗೆ ಅರ್ಥವಿಲ್ಲ.

ಇತ್ತೀಚಿನ ಎಷ್ಟೋ ಕಾರುಗಳು ಚಕ್ರಗಳ ಎಬಿಎಸ್ ಸೆನ್ಸರುಗಳಿಂದಲೇ ವೇಗ ತಿಳಿಯುತ್ತವೆ, ಗೇರ್‌ಬಾಕ್ಸಿನಲ್ಲಿ ಇದಕ್ಕೆಂದೇ ಬೇರೆ ಸೆನ್ಸರ್ ಇರುವುದಿಲ್ಲ. ಆದ್ದರಿಂದ ಬದಲಿಸಬೇಕು ಎಂದವರಿಗೆ, ಅದು ಎಲ್ಲಿದೆ ತೋರಿಸಿ ಎಂದು ಕೇಳುವುದರಲ್ಲಿ ತಪ್ಪೇನಿಲ್ಲ.