ಸಾಕುವವರ ಕೈಗೆ ಬರುವ ಹಣ ಯಾರದು?

ನಮ್ಮ ಜತ್ತ ಭಾಗದ ಯಾವುದೇ ಕನ್ನಡ ಶಾಲೆಯ ಹಾಜರಿ ಪುಸ್ತಕ ತೆಗೆದು, ಪ್ರತಿ ಹೆಸರಿನ ಮುಂದೆ 'ಈ ಮಗು ಯಾರ ಮನೆಯಲ್ಲಿ ಬೆಳೆಯುತ್ತಿದೆ?' ಎಂದು ಬರೆಯುತ್ತ ಹೋಗಿ. ಒಬ್ಬ ಮುತ್ಯಾ-ಆಯಿ ಹತ್ತಿರ ಇರುತ್ತಾನೆ, ಒಬ್ಬಳು ಸೋದರಮಾವನ ಮನೆಯಲ್ಲಿ, ಇನ್ನೊಬ್ಬ ಕಾಕಾನ ಮನೆಯಲ್ಲಿ. ಕೆಲವರಿಗೆ ತಂದೆ ಇಲ್ಲ, ಕೆಲವರಿಗೆ ಇಬ್ಬರೂ ಇಲ್ಲ. "ಯಾರೋ ಸಾಕ್ತಾ ಇದಾರಲ್ಲ, ಪುಣ್ಯ ಬರಲಿ" ಅಂತ ಹೇಳಿ ನಾವು ಮುಂದಿನ ಕೆಲಸಕ್ಕೆ ಹೋಗುತ್ತೇವೆ.

ಆದರೆ ಪುಣ್ಯದಿಂದ ಜ್ವರದ ಔಷಧ ಬರುವುದಿಲ್ಲ, ಕಂಪಾಸ್ ಪೆಟ್ಟಿಗೆಯೂ ಬರುವುದಿಲ್ಲ. ಅರವತ್ತು ದಾಟಿದ ಆಯಿ ಕೂಲಿಗೆ ಹೋಗಿ ಎರಡು ಮಕ್ಕಳನ್ನು ಸಾಕಬೇಕು ಎಂದರೆ ಅದರ ಲೆಕ್ಕ ಬೇರೆಯೇ ಇದೆ. ಇಂಥ ಮನೆಗಳಿಗಾಗಿಯೇ ಸರ್ಕಾರದ ಹಣ ಇದೆ. ಅದು ಅವರಿಗೆ ಮುಟ್ಟುವಂತೆ ಮಾಡುವುದು ನಮ್ಮ ಶಾಲೆಗಳ ಕೆಲಸ. ಮುಟ್ಟಿದ ಮೇಲೆ ಅದು ಮಗುವಿನ ಹಣವೇ ಎಂದು ನೆನಪಿಸುವುದೂ ನಮ್ಮದೇ ಕೆಲಸ. ಇದು ನನ್ನ ಅಭಿಪ್ರಾಯ.

ಮೊದಲು ಯೋಜನೆಗಳ ಮಾತು. ಮಹಾರಾಷ್ಟ್ರದಲ್ಲಿ ಬಾಲ ಸಂಗೋಪನ ಯೋಜನೆ ಬಹಳ ವರ್ಷದಿಂದ ಇದೆ. ಈಗ ಅದಕ್ಕೆ ಕ್ರಾಂತಿಜ್ಯೋತಿ ಸಾವಿತ್ರಿಬಾಯಿ ಫುಲೆ ಅವರ ಹೆಸರು. 2023ರಲ್ಲಿ ಇದರ ಮೊತ್ತವನ್ನು ಮಗುವಿಗೆ ತಿಂಗಳಿಗೆ 1,100 ರೂಪಾಯಿಯಿಂದ 2,250ಕ್ಕೆ ಏರಿಸಿದರು. ಇನ್ನೊಂದು, ಕೇಂದ್ರದ ಮಿಷನ್ ವಾತ್ಸಲ್ಯ ಅಡಿಯ ಪ್ರಾಯೋಜಕತ್ವ. ಅದರಲ್ಲಿ ತಿಂಗಳಿಗೆ 4,000 ರೂಪಾಯಿ. ಹಳ್ಳಿಯಲ್ಲಿ ಕುಟುಂಬದ ವಾರ್ಷಿಕ ಆದಾಯ 72,000 ರೂಪಾಯಿಗಿಂತ ಹೆಚ್ಚಿರಬಾರದು.

ಯಾರಿಗೆ ಸಿಗುತ್ತದೆ? 2015ರ ಬಾಲ ನ್ಯಾಯ ಕಾಯ್ದೆಯ 45ನೇ ಕಲಂ ಸ್ಪಷ್ಟವಾಗಿದೆ. ತಾಯಿ ವಿಧವೆ, ವಿಚ್ಛೇದಿತೆ ಅಥವಾ ಗಂಡ ಬಿಟ್ಟವಳಾಗಿದ್ದರೆ, ಅನಾಥ ಮಗು ಬಂಧುಗಳ ಮನೆಯಲ್ಲಿದ್ದರೆ, ತಂದೆತಾಯಿಗೆ ಜೀವಕ್ಕೆ ಅಪಾಯವಿರುವ ಕಾಯಿಲೆ ಇದ್ದರೆ, ಅಪಘಾತದಿಂದ ಅವರು ಮಗುವನ್ನು ನೋಡಿಕೊಳ್ಳಲು ಆಗದಂತಾಗಿದ್ದರೆ ಪ್ರಾಯೋಜಕತ್ವ ಕೊಡಬಹುದು. ಮುತ್ಯಾ-ಆಯಿ ಸಾಕುವ ಅನಾಥ ಮಕ್ಕಳು ಇದರಲ್ಲಿ ಬರುತ್ತಾರೆ. ಎಷ್ಟೋ ಮನೆಗಳು "ಅದು ಅನಾಥಾಶ್ರಮದ ಮಕ್ಕಳಿಗೆ" ಎಂದು ತಿಳಿದು ಅರ್ಜಿಯನ್ನೇ ಹಾಕಿಲ್ಲ. ಎರಡು ಯೋಜನೆಗಳಲ್ಲಿ ನಿಮ್ಮ ಮಗುವಿಗೆ ಯಾವುದು ಹೊಂದುತ್ತದೆ ಎಂದು ಜಿಲ್ಲಾ ಬಾಲ ಸಂರಕ್ಷಣಾ ಘಟಕದಲ್ಲಿ ಕೇಳಿ ತಿಳಿಯಬಹುದು.

ಇಲ್ಲಿ ನಮ್ಮದೇ ಆದ ತೊಡಕು ಇದೆ. ಅರ್ಜಿ ಮರಾಠಿಯಲ್ಲಿ, ಆಯಿಗೆ ಬರುವುದು ಕನ್ನಡ, ಅದೂ ಮಾತಿನಲ್ಲಿ ಮಾತ್ರ. ಸೊಸೆ ವಿಜಾಪುರ ಕಡೆಯಿಂದ ಬಂದವಳಾದರೆ ಆಕೆಯ ಆಧಾರ್‌ನಲ್ಲಿ ಒಂದು ಹೆಸರು, ಮಗುವಿನ ಜನನ ದಾಖಲೆಯಲ್ಲಿ ಇನ್ನೊಂದು. ಒಂದು ಅಕ್ಷರ ತಪ್ಪಿದರೂ ಕಾಗದ ವಾಪಸ್. ಮರಣ ದಾಖಲೆ, ಆದಾಯದ ದಾಖಲೆ, ರೇಷನ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕು, ಶಾಲೆಯ ಬೋನಾಫೈಡ್... ಇಷ್ಟನ್ನೂ ಹಿಡಿದು ಸಾಂಗಲಿಗೆ ಹೋಗಿ ಬರಲು ಒಂದು ದಿನದ ಕೂಲಿ ಹೋಗುತ್ತದೆ. ಎರಡು ಸಲ ತಿರುಗಿದವರು ಮೂರನೇ ಸಲ ಹೋಗುವುದಿಲ್ಲ. ಆದ್ದರಿಂದ ಎರಡೂ ಭಾಷೆ ಬಲ್ಲ ಕನ್ನಡ ಶಾಲೆಯ ಶಿಕ್ಷಕರೇ ಅರ್ಜಿ ತುಂಬಿಕೊಡಬೇಕು. "ನಮಗೆ ಮೊದಲೇ ಕೆಲಸ ಸಾಕಷ್ಟಿದೆ" ಎಂಬ ಸಹೋದ್ಯೋಗಿಗಳ ಮಾತು ನಿಜ. ಆದರೂ ಜೂನ್ ತಿಂಗಳಲ್ಲಿ ದಾಖಲಾತಿಯ ಜೊತೆಗೇ ಇಂಥ ಮಕ್ಕಳ ಪಟ್ಟಿ ಮಾಡಿದರೆ ಅರ್ಧ ಕೆಲಸ ಮುಗಿದಂತೆ.

ಇನ್ನು ಕಬ್ಬು ಕಡಿಯಲು ಹೋಗುವವರ ಮಕ್ಕಳು. ದೀಪಾವಳಿ ಸುಮಾರಿಗೆ ತಂದೆತಾಯಿ ಗ್ಯಾಂಗಿನ ಜೊತೆ ಹೊರಟರೆ ಬರುವುದು ಯುಗಾದಿ ಹೊತ್ತಿಗೆ. ತಂದೆತಾಯಿ ದುಡಿಯಲು ಹೋಗಿದ್ದಾರೆ ಎಂಬ ಒಂದೇ ಕಾರಣಕ್ಕೆ ಮೇಲಿನ ಹಣ ಸಿಗುವುದಿಲ್ಲ. ಈ ಮಕ್ಕಳು ಊರಲ್ಲೇ ಉಳಿದು ಕಲಿಯಲೆಂದು ಊಟದ ಏರ್ಪಾಡು ಮಾಡುವ ಹಂಗಾಮಿ ವಸತಿಗೃಹ ಯೋಜನೆ ಇದೆ. ಶಾಲಾ ವ್ಯವಸ್ಥಾಪನ ಸಮಿತಿ ಇದರ ಬಗ್ಗೆ ಗ್ಯಾಂಗು ಹೊರಡುವ ಮುಂಚೆಯೇ ಮಾತಾಡಬೇಕು.

ಈಗ ಜವಾಬ್ದಾರಿಯ ಮಾತು. ಇದನ್ನು ಹೇಳಿದರೆ ಕೆಲವರಿಗೆ ಬೇಜಾರಾಗಬಹುದು. ಬಂಧುಗಳಲ್ಲದವರ ಮನೆಯಲ್ಲಿ ಮಗುವನ್ನು ಸಾಕಲು ಕೊಡುವಾಗ ಕಾಯ್ದೆಯ 44ನೇ ಕಲಂ ಹೇಳುವುದು ಹೀಗೆ: ಮಗುವಿನ ಶಿಕ್ಷಣ, ಆರೋಗ್ಯ, ಪೋಷಣೆ ಸಾಕುವ ಕುಟುಂಬದ ಹೊಣೆ. ಬಾಲ ಕಲ್ಯಾಣ ಸಮಿತಿ ತಿಂಗಳಿಗೊಮ್ಮೆ ಪರಿಶೀಲಿಸಬೇಕು. ಮುತ್ಯಾ, ಕಾಕಾ, ಮಾವ ಎಂದ ಮಾತ್ರಕ್ಕೆ ಆ ಹೊಣೆ ಕಡಿಮೆ ಆಗಬಾರದು. ತಿಂಗಳ ಹಣ ಬರುತ್ತಿದ್ದರೂ ಮಗು ಕುರಿ ಕಾಯಲು ಹೋಗುತ್ತಿದ್ದರೆ ಆ ಹಣ ಎಲ್ಲಿಗೆ ಹೋಯಿತು ಎಂದು ಕೇಳುವ ಹಕ್ಕು ಶಾಲೆಗಿದೆ. ಎಂಟನೇ ಇಯತ್ತೆ ಮುಗಿದ ಹುಡುಗಿಯನ್ನು "ಹೊರೆ ಇಳಿಸಿಕೊಳ್ಳೋಣ" ಎಂದು ಮದುವೆ ಮಾಡುವುದಂತೂ ಅಪರಾಧ. 1098 ಸಂಖ್ಯೆಗೆ ಫೋನ್ ಮಾಡಲು ಹಿಂಜರಿಯಬಾರದು.

ಆಸ್ತಿಯ ಮಾತೂ ಇದೆ. ಸಾಕುವುದು ಬೇರೆ, ದತ್ತು ಬೇರೆ. ತಂದೆ ತೀರಿಕೊಂಡ ಮೇಲೆ ಸಾತಬಾರಾ ಉತಾರೆಯಲ್ಲಿ ಮಗುವಿನ ಹೆಸರು ವಾರಸದಾರನಾಗಿ ಬಂದಿದೆಯೇ ನೋಡಬೇಕು. ವಯಸ್ಸಿಗೆ ಬರದ ಮಗುವಿನ ಹೆಸರಿನ ಜೊತೆ ಪಾಲನೆ ಮಾಡುವವರ ಹೆಸರು ಬರೆಯುತ್ತಾರೆ, ಅಷ್ಟೆ. ಅದರಿಂದ ಕಾಕಾನಿಗೆ ಆ ಮಗುವಿನ ಹೊಲ ಮಾರುವ ಅಧಿಕಾರ ಬರುವುದಿಲ್ಲ. ಮೂರು ಹೊತ್ತು ಊಟ ಹಾಕಿದ್ದಕ್ಕೆ ಎರಡು ಎಕರೆ ಬೆಲೆ ಕಟ್ಟುವುದು ಸಾಕಣೆ ಅಲ್ಲ.

ಹಾಗೆಂದು ಸಾಕುವವರನ್ನೆಲ್ಲ ಅನುಮಾನದಿಂದ ನೋಡುವುದೂ ತಪ್ಪು. "ಸರ್ಕಾರದ ರೊಕ್ಕಕ್ಕಾಗಿ ಇಟ್ಟುಕೊಂಡಾರ" ಎಂದು ಕಟ್ಟೆಯ ಮೇಲೆ ಆಡುವ ಮಾತು ಎಷ್ಟೋ ಆಯಿಯರನ್ನು ಅರ್ಜಿಯಿಂದಲೇ ದೂರ ಇಡುತ್ತದೆ. 2,250 ರೂಪಾಯಿಯಲ್ಲಿ ಒಂದು ಮಗು ಸಾಕಿ ಶ್ರೀಮಂತರಾದವರನ್ನು ನಾನಂತೂ ಕಂಡಿಲ್ಲ. ಆ ಹಣದಲ್ಲಿ ಮನೆಯ ಜೋಳ ತಂದರೂ ತಪ್ಪಿಲ್ಲ, ಮಗುವೂ ಅದೇ ರೊಟ್ಟಿ ತಿನ್ನುತ್ತದೆ. ಮಗು ಶಾಲೆಗೆ ಬರಬೇಕು, ಹೊಟ್ಟೆ ತುಂಬಿರಬೇಕು, ಜ್ವರ ಬಂದಾಗ ದವಾಖಾನೆಗೆ ಹೋಗಬೇಕು. ಇಷ್ಟು ಕಂಡರೆ ಲೆಕ್ಕ ಸರಿ ಇದೆ ಎಂದೇ ಅರ್ಥ.

ಪಾಲಕರೆ, ಶಿಕ್ಷಕ ಮಿತ್ರರೆ, ಮುಂದಿನ ಪಾಲಕರ ಸಭೆಯಲ್ಲಿ ಇದೊಂದು ವಿಷಯ ಇಟ್ಟು ಕನ್ನಡದಲ್ಲೇ ಬಿಡಿಸಿ ಹೇಳಿ. ನಿಮ್ಮ ಓಣಿಯಲ್ಲಿ ಇಂಥ ಮಗು ಇದ್ದರೆ ಶಾಲೆಗೆ ತಿಳಿಸಿ. ಹದಿನೆಂಟು ತುಂಬಿದ ಮೇಲೆ ಈ ಹಣ ಸಿಗುವುದಿಲ್ಲ. ತಡಮಾಡಿದಷ್ಟೂ ನಷ್ಟ ಮಗುವಿಗೇ.