ಒಂದು ಕಾಮಾದ ಬೆಲೆ

ಜರ್ಮನಿಗೆ ಬಂದ ಹೊಸತರಲ್ಲಿ ನಮಗೆಲ್ಲ ಭಾಷೆಯದ್ದೇ ಭಯ. ಡೇರ್, ಡೀ, ದಾಸ್ ತಪ್ಪಿದ್ರೆ ಏನು ಗತಿ ಅಂತ. ಅಂಕಿಗಳ ಬಗ್ಗೆ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಇಂಜಿನಿಯರಿಂಗ್ ಮುಗಿಸಿದವರಿಗೆ ಸಂಖ್ಯೆ ಬರೆಯೋದನ್ನ ಹೇಳಿಕೊಡಬೇಕಾ?

ಹೇಳಿಕೊಡಬೇಕಿತ್ತು. ಕಳೆದ ಸೆಮಿಸ್ಟರ್ ಪ್ರಾಜೆಕ್ಟಿಗೆ ಅಲ್ಯೂಮಿನಿಯಂ ಕಂಬಿ ಬೇಕಾಗಿ, 1,250 ಮಿ.ಮೀ. ಅಂತ ವರ್ಕ್‌ಶಾಪಿಗೆ ಇಮೇಲ್ ಹಾಕಿದ್ವಿ. "ಇದು ಉದ್ದವೋ, ದಪ್ಪವೋ?" ಎಂದು ಉತ್ತರ ಬಂತು. ಇಲ್ಲಿ ಕಾಮಾ ಅಂದ್ರೆ ದಶಮಾಂಶ ಚಿಹ್ನೆ. ನಮ್ಮ ಒಂದೂಕಾಲು ಮೀಟರ್ ಅವರಿಗೆ ಒಂದೂಕಾಲು ಮಿಲಿಮೀಟರ್ ಆಗಿತ್ತು! ಅವರು ಕೇಳಿದ್ದಕ್ಕೆ ಬಚಾವಾದ್ವಿ.

ಉಲ್ಟಾ ಕೂಡ ಆಗುತ್ತೆ. ವಿದ್ಯಾರ್ಥಿ ವೀಸಾಕ್ಕೆ ಬ್ಲಾಕ್ಡ್ ಅಕೌಂಟಿನಲ್ಲಿ ಇಡಬೇಕಾದ ಹಣ 2024ರ ಸೆಪ್ಟೆಂಬರ್‌ನಿಂದ ವರ್ಷಕ್ಕೆ 11,904 ಯೂರೋ. ಜರ್ಮನ್ ಪತ್ರದಲ್ಲಿ ಅದೇ 11.904. ಊರಲ್ಲಿ ಅಪ್ಪನಿಗೆ ತೋರಿಸಿದ್ರೆ "ಹನ್ನೆರಡು ಯೂರೋನೂ ಇಲ್ವಲ್ಲೋ" ಅಂದಾರು.

"ಓದುವವರು ಅರ್ಥ ಮಾಡ್ಕೋತಾರೆ ಬಿಡಿ" ಅನ್ನೋ ಗೆಳೆಯರಿದ್ದಾರೆ. ನಾವು ಒಪ್ಪುವುದಿಲ್ಲ. ಅಕ್ಷರ ತಪ್ಪಿದ್ರೆ ಕಂಪ್ಯೂಟರ್ ಕೆಂಪು ಗೆರೆ ಎಳೆಯುತ್ತೆ. 1,250 ಮತ್ತು 1.250 ಎರಡೂ ಸರಿಯಾದ ಸಂಖ್ಯೆಗಳೇ, ಗೆರೆ ಎಲ್ಲಿಂದ ಬರಬೇಕು? ಎರಡರ ನಡುವೆ ಸಾವಿರ ಪಟ್ಟು ವ್ಯತ್ಯಾಸ. ಕೆಲಸದ ಅರ್ಜಿಯಲ್ಲೋ, ಮನೆ ಬಾಡಿಗೆ ಒಪ್ಪಂದದಲ್ಲೋ ಅದು ಸಣ್ಣ ವಿಷಯ ಅಲ್ಲ.

ಅಳತೆಗಳ ಅಂತಾರಾಷ್ಟ್ರೀಯ ಮಹಾಸಭೆ 2003ರಲ್ಲೇ ಒಂದು ದಾರಿ ಹೇಳಿದೆ: ದಶಮಾಂಶಕ್ಕೆ ಚುಕ್ಕಿಯೂ ಸರಿ, ಕಾಮಾವೂ ಸರಿ. ಆದರೆ ಸಾವಿರದ ಗುಂಪು ಬೇರ್ಪಡಿಸಲು ಎರಡೂ ಬೇಡ, ಖಾಲಿ ಜಾಗ ಸಾಕು. ಅಂದರೆ 1 250 ಮಿ.ಮೀ. ಯಾವ ದೇಶದವರೂ ತಪ್ಪಾಗಿ ಓದೋಕಾಗಲ್ಲ.

ಇನ್ನೂ ಮೂರು ಅಭ್ಯಾಸ ನಾವು ರೂಢಿಸಿಕೊಂಡಿದ್ದೇವೆ. ರೆಸ್ಯೂಮೆಯಲ್ಲಿ 12,50,000 ಎಂದು ಬರೆಯುವುದಿಲ್ಲ, 1.25 ಮಿಲಿಯನ್ ಅಂತೀವಿ, ಜರ್ಮನ್‌ನಲ್ಲಾದರೆ 1,25. ಅಮೆರಿಕದ ಕಂಪನಿಗೆ ಬರೆಯುವಾಗ 05/06 ಬದಲು ತಿಂಗಳ ಹೆಸರನ್ನೇ ಬರೆಯುತ್ತೇವೆ, ಯಾಕಂದ್ರೆ ಅವರಿಗದು ಮೇ 6. ಫೋನಿನಲ್ಲಿ ಕೇಳಿದ ಮೊತ್ತವನ್ನು ಇಮೇಲಿನಲ್ಲಿ ಖಚಿತ ಮಾಡಿಕೊಳ್ಳುತ್ತೇವೆ. ನಲವತ್ತೈದನ್ನು "ಐದು ಮತ್ತು ನಲವತ್ತು" ಅನ್ನುವ ಈ ಭಾಷೆಯಲ್ಲಿ 45 ಸಲೀಸಾಗಿ 54 ಆಗಿಬಿಡುತ್ತೆ.

ಲಕ್ಷ, ಕೋಟಿ ಮರೆತುಬಿಡಿ ಅಂತ ಖಂಡಿತ ಹೇಳ್ತಿಲ್ಲ. ಮನೆಗೆ ಬರೆಯುವಾಗ ಅವೇ ಚೆಂದ. ಆದರೆ ಪತ್ರ ಯಾರಿಗೋ, ಅಂಕಿ ಅವರಿಗೆ ಅರ್ಥವಾಗುವ ಹಾಗಿರಲಿ. ಮುಂದಿನ ಇಮೇಲ್ ಕಳಿಸುವ ಮುನ್ನ ಅಂಕಿಗಳನ್ನಷ್ಟೇ ಒಮ್ಮೆ ಓದಿ ನೋಡಿ. ಅರ್ಧ ನಿಮಿಷದ ಕೆಲಸ.