ನಿಷ್ಠೆ ಅವಳಿಗೆ, ಸ್ವಾತಂತ್ರ್ಯ ಅವನಿಗೆ

17ನೇ ಶತಮಾನದ ಇಂಗ್ಲಿಷ್ ಪ್ರೇಮಕಾವ್ಯದಲ್ಲಿ ಹೆಣ್ಣಿನ ಚಂಚಲತೆಯ ದೂರು ಮತ್ತೆ ಮತ್ತೆ ಕೇಳಿಬರುತ್ತದೆ. ಸುಂದರಿಯೂ ನಿಷ್ಠೆಯುಳ್ಳವಳೂ ಆದ ಹೆಣ್ಣು ಎಲ್ಲಿ ಹುಡುಕಿದರೂ ಸಿಗಳು ಎಂದು ಜಾನ್ ಡನ್ ತನ್ನ ಹೆಸರಾಂತ ಹಾಡೊಂದರಲ್ಲಿ ಸಾಧಿಸುತ್ತಾನೆ. ಅದೇ ಡನ್‌ನ 'ದಿ ಇಂಡಿಫರೆಂಟ್' ಕವಿತೆಯ ಗಂಡಸು ಎಂಥ ಹೆಣ್ಣನ್ನಾದರೂ ಪ್ರೀತಿಸಬಲ್ಲ, ನಿಷ್ಠೆಯಿಂದಿರುವವಳೊಬ್ಬಳನ್ನು ಬಿಟ್ಟು. ಜಾನ್ ಸಕ್ಲಿಂಗ್‌ನ ಪ್ರೇಮಿಗೆ ಮೂರು ದಿನ ಒಬ್ಬಳನ್ನೇ ಪ್ರೀತಿಸಿದ್ದೇ ದೊಡ್ಡ ಸಾಧನೆ. ರಿಚರ್ಡ್ ಲವ್‌ಲೇಸ್‌ನ 'ದಿ ಸ್ಕ್ರೂಟಿನಿ'ಯಲ್ಲಿ ರಾತ್ರಿ ಕೊಟ್ಟ ಮಾತು ಬೆಳಗಾಗುವಷ್ಟರಲ್ಲಿ ಹಳತಾಗಿರುತ್ತದೆ. ಒಂದೇ ನಡತೆ ಅವಳಲ್ಲಿ ದ್ರೋಹ, ಅವನಲ್ಲಿ ರಸಿಕತೆ. ಆ ಕಾಲದ ಹೆಂಗಸರು ಹೇಗಿದ್ದರೆಂದು ಈ ಕವಿತೆಗಳು ತಿಳಿಸುವುದಿಲ್ಲ; ಮಾತು ಮುರಿಯುವ ಹಕ್ಕನ್ನು ಯಾರು ತಮ್ಮದಾಗಿಸಿಕೊಂಡಿದ್ದರು ಎಂಬುದನ್ನು ತಿಳಿಸುತ್ತವೆ.

ಇದೆಲ್ಲ ಜಾಣ್ಮೆಯ ಆಟ, ಕವಿಯ ಮಾತನ್ನು ಅವನ ಮತವೆಂದು ತಿಳಿಯಬಾರದು ಎನ್ನುವವರಿದ್ದಾರೆ. ಆ ಮಾತಿನಲ್ಲಿ ಹುರುಳಿದೆ. ಡನ್‌ನ ಪ್ರೇಮಕವಿತೆಗಳು ಅವನು ಬದುಕಿದ್ದಾಗ ಹೆಚ್ಚಾಗಿ ಕೈಬರಹದಲ್ಲೇ ಗೆಳೆಯರ ನಡುವೆ ಓಡಾಡಿದವು. ಸಂಕಲನವಾಗಿ ಅಚ್ಚಾದದ್ದು ಅವನು ತೀರಿಕೊಂಡ ಮೇಲೆ, 1633ರಲ್ಲಿ. ಹೆಣ್ಣೊಬ್ಬಳು ತನಗೂ ಸ್ವಾತಂತ್ರ್ಯ ಬೇಕೆಂದು ವಾದಿಸುವ 'ಕನ್‌ಫೈನ್ಡ್ ಲವ್' ಬರೆದವನೂ ಅವನೇ. ಆದರೆ ಗೆಳೆಯರ ಕೂಟದಲ್ಲಿ ನಗು ಹುಟ್ಟಬೇಕಾದರೆ ಎಲ್ಲರೂ ಮೊದಲೇ ಒಪ್ಪಿದ ನಂಬಿಕೆಯೊಂದು ಬೇಕಷ್ಟೆ? ಆ ನಂಬಿಕೆ ಕಾನೂನಿನಲ್ಲಿ ಕ್ರೂರವಾಗಿ ಕಾಣಿಸಿಕೊಂಡಿತು. 1650ರ ವ್ಯಭಿಚಾರ ಕಾಯಿದೆಯ ಪ್ರಕಾರ ಮದುವೆಯಾದ ಹೆಣ್ಣು ಪರಪುರುಷನನ್ನು ಕೂಡಿದರೆ ಇಬ್ಬರಿಗೂ ಮರಣದಂಡನೆ. ಮದುವೆಯಾದ ಗಂಡು ಅವಿವಾಹಿತೆಯನ್ನು ಕೂಡಿದರೆ ಮೂರು ತಿಂಗಳ ಸೆರೆವಾಸ. ಗಲ್ಲಿಗೇರಿದವರು ತೀರಾ ವಿರಳ, ನಿಜ. ಆದರೂ ಯಾರ ದ್ರೋಹಕ್ಕೆ ಎಷ್ಟು ಬೆಲೆ ಎಂದು ಆ ಸಮಾಜ ಬರೆದಿಟ್ಟಿತು. ಡನ್‌ನ ಆರ್ದ್ರ ಕವಿತೆಗಳನ್ನು ಮುಂದೆ ಮಾಡಿದರೂ ತಕ್ಕಡಿ ಪೂರ್ತಿ ಸಮನಾಗದು. ಕೈವಾರದ ಎರಡು ಕಾಲುಗಳಿಗೆ ಪ್ರೇಮಿಗಳನ್ನು ಹೋಲಿಸುವ ವಿದಾಯಗೀತೆ ಅಪೂರ್ವವಾದದ್ದು. ಅಲ್ಲಿಯೂ ಸುತ್ತಿ ಬರುವ ಕಾಲು ಅವನದು, ನೆಟ್ಟು ನಿಂತದ್ದು ಅವಳದು.

ಇಂದಿನ ಅಳತೆಗೋಲಿನಿಂದ ಅಂದಿನವರನ್ನು ಅಳೆಯುವುದು ಅನ್ಯಾಯ ಎಂಬ ಆಕ್ಷೇಪಕ್ಕೆ ಅಂದಿನ ಹೆಣ್ಣೇ ಉತ್ತರ ಕೊಟ್ಟಿದ್ದಾಳೆ. ಲೇಡಿ ಮೇರಿ ರಾತ್‌ಳ 'ಯುರೇನಿಯಾ' ಎಂಬ ಗದ್ಯಕಥನವೂ ಜೊತೆಗೇ ಅದರ ನಾಯಕಿ ಪ್ಯಾಂಫಿಲಿಯಾಳ ಸಾನೆಟ್ಟುಗಳೂ 1621ರಲ್ಲಿ ಅಚ್ಚಾದವು. ಅಲ್ಲಿ ಅಲೆಯುವ ಮನಸ್ಸು ಗಂಡಿನದು. ನಿಷ್ಠೆ ಹೆಣ್ಣಿನದು, ಅದರ ನೋವೂ ಅವಳದೇ. ಆ ನಿಷ್ಠೆ ಗಂಡನ ಅಪ್ಪಣೆಯಿಂದ ಬಂದದ್ದಲ್ಲ, ಅವಳು ತಾನಾಗಿ ಆರಿಸಿಕೊಂಡದ್ದು. ರಾತ್‌ಳ ಹಿರಿಮೆ ಇರುವುದು ಇಲ್ಲಿ. ಕಥನದಲ್ಲಿ ತನ್ನ ಮನೆತನದ ಗುಟ್ಟು ಕಂಡ ಲಾರ್ಡ್ ಡೆನ್ನಿ ಅವಳನ್ನು ಗಂಡೂ ಅಲ್ಲದ ಹೆಣ್ಣೂ ಅಲ್ಲದ ವಿಕೃತಿಯೆಂದು ಪದ್ಯದಲ್ಲೇ ಜರೆದ, ಇಂಥ ಪುಸ್ತಕ ಬಿಟ್ಟು ದೇವರ ಗೀತೆ ಬರೆಯಲು ಬೋಧಿಸಿದ. ಅವಳು ಸುಮ್ಮನಿರಲಿಲ್ಲ, ಪದ್ಯದಲ್ಲೇ ತಿರುಗೇಟು ಕೊಟ್ಟಳು. ಹೆಣ್ಣಿನ ಮೇಲಿನ ಆ ದೂರನ್ನು ಅಂದು ಎಲ್ಲರೂ ಒಪ್ಪಿದ್ದರು ಎನ್ನಲು ಇನ್ನು ಆಧಾರವಿಲ್ಲ.

ಡನ್‌ನನ್ನು ಪಾಠದಿಂದ ತೆಗೆಯಬೇಕಿಲ್ಲ. ಅವನಷ್ಟು ಬುದ್ಧಿಯೂ ಕಾವೂ ಕೂಡಿದ ಪ್ರೇಮಕವಿಗಳು ಕಡಿಮೆ. ನಮ್ಮ ಕಾಲೇಜುಗಳ ಇಂಗ್ಲಿಷ್ ಅಧ್ಯಾಪಕರಲ್ಲಿ ಕೋರಿಕೆ ಇಷ್ಟೇ: ಅವನನ್ನು ಓದಿಸುವ ವಾರವೇ ರಾತ್‌ಳ ಸಾನೆಟ್ಟುಗಳನ್ನೂ ಓದಿಸಿ.